ಮೂರನೇ ತೊಟ್ಟಿ

“ದನದ ಮೂಳೆ ಕಣೋ ಬೋಳಿಮಗನೆ. ನಿಧಿ ಸಿಕ್ಕಿದ ಹಾಗೆ ಏನು ನೋಡ್ತಾ ನಿಂತಿದ್ದೀಯ? ಎತ್ತಿ ಗೋಣಿಗೆ ಹಾಕು.”

ಮ್ಯಾನೇಜರು ಮೂಗಿಗೆ ಕರ್ಚೀಫು ಒತ್ತಿಕೊಂಡು ತೊಟ್ಟಿಯ ದಂಡೆಯ ಮೇಲೆ ನಿಂತಿದ್ದ. ಕೆಳಗೆ, ತೊಡೆಮಟ್ಟದ ನೀಲಿಗಪ್ಪು ಕೆಸರಿನಲ್ಲಿ ತೊಟ್ಟಿಯಣ್ಣ. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಕೊಳೆನೀರು ಬಂದು ಬೀಳುವ ನಾಲ್ಕು ತೊಟ್ಟಿಗಳನ್ನು ಇಪ್ಪತ್ತೆರಡು ವರ್ಷ ಬಳಿದು ಬಳಿದು ಅವನ ಹೆಸರೇ ಹಾಗಾಗಿತ್ತು. ಮೂರನೆಯದರ ಗೋಡೆ ಬಿರುಕು ಬಿಟ್ಟು ಹೊಲಸೆಲ್ಲ ರಸ್ತೆಗೆ ಹರಿದದ್ದರಿಂದ ಈಗ ಅದನ್ನು ಬರಿದು ಮಾಡದೆ ಗತಿಯಿರಲಿಲ್ಲ.

ಸಲಿಕೆಗೆ ಸಿಕ್ಕಿದ್ದು ಒಂದು ಮೇಲ್ದವಡೆ. ಕೆಸರು ಒರೆಸಿದರೆ ಮುಂದಿನ ನಾಲ್ಕು ಹಲ್ಲು ಸಾಲಾಗಿ ಕೂತಿದ್ದವು. ದನಕ್ಕೆ ಮೇಲೆ ಮುಂದಿನ ಹಲ್ಲೇ ಇರುವುದಿಲ್ಲ. ದನ ಮೇಯಿಸಿದವರಿಗೆಲ್ಲ ಇದು ಗೊತ್ತು. ತೊಟ್ಟಿಯಣ್ಣನಿಗೂ ಗೊತ್ತು. ಆದರೂ “ಆಗಲಿ ಸಾರ್” ಎಂದ. ಎಂದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂರು ವರ್ಷದ ಕೆಳಗೂ ಹೀಗೇ ಅಂದಿದ್ದ. ಆಫೀಸು ಗುಡಿಸುತ್ತಿದ್ದ ಅವನ ಮಗಳನ್ನು ಒಂದು ಶನಿವಾರ ಮಧ್ಯಾಹ್ನ ಧಣಿಯ ಮಗ ಮಹಡಿಯ ಕೋಣೆ ಗುಡಿಸಲು ಕರೆದಿದ್ದ. ಅವಳು ಮೆಟ್ಟಿಲು ಹತ್ತಿದ್ದನ್ನು ಕಂಡವರಿದ್ದರು, ಇಳಿದದ್ದನ್ನು ಕಂಡವರಿಲ್ಲ. ಹತ್ತು ದಿನ ಹುಡುಕಿ ಸೋತ ಮೇಲೆ ಮ್ಯಾನೇಜರು ಅವನನ್ನು ಸ್ಟೇಷನ್ನಿಗೆ ಕರೆದೊಯ್ದು, ಮಗಳು ಲಾರಿ ಡ್ರೈವರ್ ಜೊತೆ ತಾನಾಗಿ ಹೋದಳು, ನಮ್ಮ ದೂರಿಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದ್ದ. ಒತ್ತದಿದ್ದರೆ ಕಾರ್ಖಾನೆ ಕೊಟ್ಟ ಮನೆ ಅಂದೇ ಖಾಲಿ ಮಾಡಬೇಕಿತ್ತು. ಅಂಥ ಡ್ರೈವರ್ ಒಬ್ಬ ಭೂಮಿಯ ಮೇಲಿದ್ದನೇ ಎಂದೂ ಅವನು ಕೇಳಲಿಲ್ಲ. ಬದಲಿಗೆ ಕೇಳಿದವರಿಗೆಲ್ಲ, “ಕಾಲು ಜಾರಿದವಳು, ಬಿಡ್ರಪ್ಪ” ಎಂದು ಹೇಳಿಕೊಂಡು ತಿರುಗಿದ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ವರ್ಷ ತೊಟ್ಟಿ ಬಳಿಯುವಾಗ ಮ್ಯಾನೇಜರು, “ಮೂರನೆಯದು ಬೇಡ, ಇರಲಿ ಬಿಡು” ಎಂದಿದ್ದ. ಮರುವರ್ಷವೂ ಅದೇ ಮಾತು. ನಾಲ್ಕು ದಿನದ ಹೊಲಸು ತಪ್ಪಿತಲ್ಲ ಎಂದು ತೊಟ್ಟಿಯಣ್ಣ ಹಿಗ್ಗಿ ಹೀರೇಕಾಯಿಯಾಗಿದ್ದ. “ಮ್ಯಾನೇಜರಿಗೆ ನನ್ನ ಮೇಲೆ ಕರುಣೆ ಬಂದಿದೆ ಕಣೆ” ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದ.

ಊಟದ ಹೊತ್ತಿಗೆ ಇನ್ಸ್‌ಪೆಕ್ಟರು ಬಂದ. ಬಟ್ಟೆ ಒಣಹಾಕುವ ಹೆಂಗಸರಲ್ಲಿ ಯಾರೋ ಫೋನು ಮಾಡಿದ್ದರು. ಲಾಠಿಯ ತುದಿಯಿಂದ ಗೋಣಿಯ ಬಾಯಿ ಅಗಲಿಸಿ ನೋಡಿದ.

“ಮನುಷ್ಯರದ್ದೇ. ಇಲ್ಲಿ ಯಾರಾದ್ರೂ ಕಾಣೆಯಾಗಿದ್ದಾರಾ?”

“ಯಾರೂ ಇಲ್ಲ ಸಾರ್. ಯಾವನೋ ಕುಡುಕ ಗೋಡೆ ಹಾರಿ ಬಿದ್ದಿರ್ಬೇಕು,” ಎಂದ ಮ್ಯಾನೇಜರು.

“ಹಾಗಾದ್ರೆ ಗುರುತು ಸಿಗದ ಹೆಣ ಅಂತ ಬರೆದು ಹೂಳಿಸ್ತೀನಿ. ದೂರೇ ಇಲ್ಲದಿದ್ರೆ ಯಾರ ರಕ್ತ ತೆಗೆದು ಹೋಲಿಸಲಿ?”

ಹೆಂಗಸರು ದಂಡೆಯ ಸುತ್ತ ನೆರೆದಿದ್ದರು. ಅವರ ನಡುವೆ ನಿಂತ ಹೆಂಡತಿ ಗಂಡನತ್ತ ನೋಡಿದಳು. “ಮಾತಾಡು.” ಅವನು ತೊಟ್ಟಿಯೊಳಗೆ ತಲೆ ಎತ್ತದೆ ಸಲಿಕೆಯ ಕೆಸರು ಒರೆಸತೊಡಗಿದ.

“ನನ್ನ ಮಗಳು ಕಾಣೆಯಾಗಿದ್ದಾಳೆ ಸಾಹೇಬ್ರೆ,” ಎಂದಳು ಅವಳೇ.

ಮ್ಯಾನೇಜರು ನಕ್ಕ. “ಓಡಿಹೋದಳು ಅಂತ ಅಪ್ಪನೇ ಹೆಬ್ಬೆಟ್ಟು ಒತ್ತಿದ್ದಾನೆ ಸಾರ್. ಕೇಳಿ ಅವನನ್ನೇ.”

“ನನ್ನ ಗಂಡ ಸುಳ್ಳ ಅಂತ ಮೊದಲು ಬರ್ಕೊಳ್ಳಿ. ಆಮೇಲೆ ನನ್ನ ರಕ್ತ ತಗೊಳ್ಳಿ. ಒಂಬತ್ತು ತಿಂಗಳು ಹೊತ್ತಿದ್ದು ನಾನು, ಇವನ ಹೆಬ್ಬೆಟ್ಟಲ್ಲ.”

“ಒತ್ತೋದಷ್ಟೇ ಅಲ್ಲ ಕಣಕ್ಕ, ನೆಕ್ಕೋದೂ ಬರುತ್ತೆ ಅವನಿಗೆ,” ಎಂದಳು ಹಿಂದಿನಿಂದ ಒಬ್ಬಳು. 

“ಇದು ನಿನ್ನ ಮಗಳದ್ದೇ ಅಂತ ಏನಮ್ಮಾ ಗ್ಯಾರಂಟಿ?” ಎಂದ ಇನ್ಸ್‌ಪೆಕ್ಟರು.

“ಗ್ಯಾರಂಟಿ ಇಲ್ಲ. ಅವಳದ್ದಲ್ಲ ಅಂದ್ರೆ ಇನ್ಯಾರೋ ಹೆತ್ತವಳದ್ದು. ಆಕೆಗೂ ಗೊತ್ತಾಗ್ಲಿ.”

ಇನ್ಸ್‌ಪೆಕ್ಟರು ತೊಟ್ಟಿಯಣ್ಣನ ಕಡೆ ತಿರುಗಿದ. “ಏನಯ್ಯಾ, ಅವತ್ತು ಹೇಳಿದ್ದು ಸುಳ್ಳಾದ್ರೆ ಮೊದಲು ಒಳಗೆ ಹೋಗೋನು ನೀನು. ಯೋಚನೆ ಮಾಡಿ ಹೇಳು.”



“ಬಿಸಿಲಲ್ಲಿ ಯಾಕೆ ಸಾರ್, ಬನ್ನಿ, ನೆರಳಲ್ಲಿ ಮಾತಾಡೋಣ,” ಎಂದು ಮ್ಯಾನೇಜರು ಇನ್ಸ್‌ಪೆಕ್ಟರನ್ನು ಆಫೀಸಿನ ಜಗಲಿಗೆ ಕರೆದೊಯ್ದ. ಹೋಗುತ್ತ ಹೇಳಿದ: “ಲೋ, ಹೊರಗಿಂದ ಬಿರುಕಿಗೆ ಸಿಮೆಂಟು ಮೆತ್ತಾಗಿದೆ. ಮೇಲೆ ಬಂದು ಚಕ್ರ ತಿರುಗಿಸಿ ತೊಟ್ಟಿಗೆ ಕೊಳೆನೀರು ಬಿಡು.”

ತೊಟ್ಟಿಯಣ್ಣ ಏಣಿ ಹತ್ತಿ ಮೇಲೆ ಬಂದ. ಅದೇ ಏಣಿಯಲ್ಲಿ ಹೆಂಡತಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಳಗಿಳಿದಳು. ಬಗ್ಗಿ, ಮೊಣಕೈವರೆಗೂ ಕೆಸರಿಗೆ ಕೈ ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. “ಬುಟ್ಟಿ ಇಳಿಸ್ರೇ ಯಾರಾದ್ರೂ,” ಎಂದಳು ಹೆಂಡತಿ. ಬುಟ್ಟಿ ಇದ್ದದ್ದು ಅವನ ಕಾಲಬಳಿ. ಅವನನ್ನು ಕೇಳಲಿಲ್ಲ.

“ಕಿವಿ ಕೆಪ್ಪಾಗಿದೆಯೇನೋ? ತಿರುಗಿಸೋ ಚಕ್ರ,” ಜಗಲಿಯಿಂದ ಮ್ಯಾನೇಜರು ಕೂಗಿದ.

ತೊಟ್ಟಿಯಣ್ಣ ಕೊಳೆನೀರಿನ ಕೊಳವೆಯ ಚಕ್ರದ ಹತ್ತಿರ ಹೋದ. ಅದರ ಕಡ್ಡಿಗಳ ನಡುವೆ ಎರಡೂ ತೋಳು ತೂರಿಸಿ, ಬೆರಳಿಗೆ ಬೆರಳು ಹೆಣೆದು ಕೂತುಬಿಟ್ಟ.

“ಸುಳ್ಳು ಹೇಳಿದ್ದೆ ಸಾಹೇಬ್ರೆ,” ಎಂದ.  ಜಗಲಿಗೆ ಕೇಳುವಂತೆ ಕೂಗಿ ಮತ್ತೆ ಹೇಳಿದ. “ಮನೆ ಹೋಗುತ್ತೆ ಅಂತ ಸುಳ್ಳು ಹೇಳಿದ್ದೆ. ಬರ್ಕೊಳ್ಳಿ.”

ಇನ್ಸ್‌ಪೆಕ್ಟರು ಜೇಬಿನಿಂದ ಪೆನ್ನು ತೆಗೆಯಲಿಲ್ಲ. ಇಬ್ಬರು ವಾಚ್‌ಮನ್‌ಗಳು ಬಂದು ತೊಟ್ಟಿಯಣ್ಣನ ರಟ್ಟೆ ಹಿಡಿದು ಎಳೆಯತೊಡಗಿದರು. ಅಂಗಿ ಹರಿಯಿತು. ಕೆಳಗೆ ಹೆಂಡತಿ ಇತ್ತ ಬೆನ್ನು ಮಾಡಿಕೊಂಡು ಕೆಸರು ಜಾಲಾಡುತ್ತಲೇ ಇದ್ದಳು.