ಹನ್ನೊಂದು ಸೆಕೆಂಡಿನ ನಗು

ಕಂಪ್ಯೂಟರು ಮುಂದೊಡ್ಡುವ ಕರಾರುಪತ್ರವನ್ನು ಮೊದಲಕ್ಷರದಿಂದ ಕೊನೆಯ ಪೂರ್ಣವಿರಾಮದವರೆಗೆ ಬೆರಳಿಟ್ಟು, ಅದೂ ಗಟ್ಟಿಯಾಗಿ, ಓದುವ ಮನುಷ್ಯನೊಬ್ಬ ಈ ಭೂಮಿಯ ಮೇಲಿದ್ದಾನೆಂದರೆ ನೀವು ನಂಬಲಿಕ್ಕಿಲ್ಲ. ನಾನಾದರೋ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಎರಡು ಸಲ ಆ ಪಾರಾಯಣದ ನಡುವೆ ಸುಖವಾಗಿ ನಿದ್ದೆಯನ್ನೂ ಮಾಡಿದವನು. ಆತ ಧ್ವನಿಮುದ್ರಣಕಾರ. ತನ್ನ ಅಕ್ಕ ನಡೆಸುವ ಎರಡು ಕೋಣೆಗಳ ಸ್ಟುಡಿಯೋದಲ್ಲಿ, ಹಾಡುವವರ ಹಾಡನ್ನೂ ನನ್ನಂತೆ ಪುಸ್ತಕ ಓದುವವರ ಓದನ್ನೂ ಹಿಡಿದಿಡುವುದು ಅವನ ಉದ್ಯೋಗ. ‘ಪೂರ್ತಿ ಕೇಳಿ, ಆಮೇಲೆ ಹೇಳಿ’ ಎಂಬುದು ಅವನ ಪಲ್ಲವಿಯಾದ್ದರಿಂದ ಊರಿಗೆಲ್ಲ ಅವನು ಪೂರ್ತಿಯಣ್ಣ.

ಬಲಗಿವಿಯನ್ನು ಮುಂದೆ ಕಳಿಸಿ ಮೈಯನ್ನು ಅದರ ಹಿಂದೆ ಎಳೆದುಕೊಂಡು ಹೋಗುವವನಂತೆ ನಡೆಯುತ್ತಾನೆ. ಬೇಸಿಗೆಯಲ್ಲೂ ಬಿಡದ ಒಂದು ಕಂದು ಕೋಟಿದೆ. ಗುಂಡಿಗಳು ಮೇಜಿಗೆ ತಗುಲಿ ಟಕ್ ಎಂದ ಸದ್ದು ಒಮ್ಮೆ ಯಾರದೋ ಹಾಡಿನೊಳಗೆ ಸೇರಿಹೋದಂದಿನಿಂದ ಅವನ್ನೆಲ್ಲ ಕಿತ್ತೆಸೆದು, ಬಟ್ಟೆಯ ದಾರದಲ್ಲಿ ಕೋಟನ್ನು ಬಿಗಿದುಕೊಂಡಿದ್ದಾನೆ. ಶೀತವಾದರೆ ಮಾತ್ರೆಯ ಚೀಟಿಯನ್ನು ಅವನು ಓದಿ ಮುಗಿಸುವಷ್ಟರಲ್ಲಿ ಶೀತವೇ ಬೇಸತ್ತು ಹೊರಟುಹೋಗುತ್ತದೆಂದು ಅಕ್ಕ ಹೇಳುತ್ತಾಳೆ.

ಇಂಥವನಿಗೂ ಒಂದು ಗುಟ್ಟಿನ ಸಿರಿಯಿತ್ತು. ಹಾಡು ಹಾಡುಗಳ ನಡುವೆ ಮೈಕಿಗೆ ಸಿಕ್ಕಿಬಿದ್ದ ಕೆಮ್ಮು, ಗೊಣಗಾಟ, ಗಂಡಹೆಂಡಿರ ಜಗಳ, ನನ್ನದೊಂದು ಭಯಂಕರ ಸೀನು, ಎಲ್ಲವನ್ನೂ ಎಸೆಯಲು ಮನಸ್ಸಾಗದೆ ‘ಉಳಿಕೆ’ ಎಂಬ ಹೆಸರಿನ ಫೋಲ್ಡರಿನಲ್ಲಿ ಕಾಪಿಟ್ಟಿದ್ದ. ಅದರಲ್ಲಿ ಮುಕುಟಮಣಿಯೆಂದರೆ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯ ಗಾಯಕಿ ಶೋಕದ ಹಾಡೊಂದರ ನಡುವೆ ಪದ ತಪ್ಪಿ ನಕ್ಕಿದ್ದ ಹನ್ನೊಂದು ಸೆಕೆಂಡಿನ ನಗು. ಬೇಸರವಾದಾಗ ಬಾಗಿಲು ಹಾಕಿಕೊಂಡು ಅದನ್ನೊಮ್ಮೆ ಕೇಳಿ, ಮುಖವರಳಿಸಿಕೊಂಡು ಹೊರಬರುತ್ತಿದ್ದ. ‘ಇದೊಂದು ಇಲ್ದಿದ್ರೆ ಈ ಕೆಲಸ ಎಂದೋ ಬಿಡ್ತಿದ್ದೆ ಸಾರ್’ ಎಂದು ನನ್ನೊಡನೆ ಹೇಳಿಯೂ ಇದ್ದ.

ಒಂದು ಬೆಳಿಗ್ಗೆ, ಹಾಡು ತಿದ್ದುವ ಅವನ ಸಾಫ್ಟ್‌ವೇರು ಹೊಸ ರೂಪ ತಾಳಿ ಹೊಸ ಕರಾರನ್ನು ಮುಂದಿಟ್ಟಿತು. ನಾನು ಓದಬೇಕಾದ ಪುಸ್ತಕ ಮಡಿಲಲ್ಲೇ ಕಾಯಿತು. ಪಾರಾಯಣ ಹತ್ತೊಂಬತ್ತನೆಯ ಕಲಮಿಗೆ ಬಂದಾಗ ಪೂರ್ತಿಯಣ್ಣ ಕುರ್ಚಿಯಿಂದ ಎಗರಿದ. ಬಳಕೆದಾರನ ಕೆಲಸದ ವಿವರಗಳನ್ನೆಲ್ಲ ಸಂಗ್ರಹಿಸಲು ಆತನ ಒಪ್ಪಿಗೆಯಿದೆ ಎಂಬ ಗುರುತನ್ನು ಕಂಪನಿಯವರೇ ಮೊದಲೇ ಹಾಕಿಟ್ಟಿದ್ದರು.

‘ನಾನೆಲ್ಲಿ ಕತ್ತರಿಸ್ದೆ, ಎಲ್ಲಿ ತಡವರಿಸ್ದೆ, ಇವರಿಗ್ಯಾಕ್ರೀ? ನನ್ನ ಬದಲು ಇವರೇ ಹೂಂ ಅನ್ನೋದಾ?’ ಎಂದು ಆ ಗುರುತನ್ನು ಕಿತ್ತುಹಾಕಿ ಗೆದ್ದವನಂತೆ ಕೂತ.

ಮೂಲೆಯಲ್ಲಿ ವಯರು ಸುತ್ತುತ್ತಿದ್ದ ಅಕ್ಕ ತಲೆಯೆತ್ತದೆಯೇ ಕೇಳಿದಳು: ‘ಅದ್ಸರಿ ಕಣೋ, ನಿನ್ನ ಉಳಿಕೆಗೆ ಯಾರನ್ನ ಕೇಳಿದ್ದೆ?’

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸಿದ ಹಾಗಾಯಿತು. ಪೂರ್ತಿಯಣ್ಣ ಎರಡು ದಿನ ಏನನ್ನೋ ಬರೆಯುತ್ತ ಕೂತ. ಮೂರನೆಯ ದಿನ ತಾನೇ ಬರೆದ ನಾಲ್ಕು ಪುಟಗಳ ಒಪ್ಪಿಗೆಪತ್ರ ಹಿಡಿದು ಮೊದಲು ನನ್ನ ಬಳಿಗೇ ಬಂದ. ‘ನನ್ನ ಸೀನು ನಿಮಗೇ ಇರ್ಲಿ ಬಿಡಿ ಪೂರ್ತಿಯಣ್ಣ’ ಎಂದರೆ ಬಿಟ್ಟಾನೆಯೇ? ನಾಲ್ಕೂ ಪುಟ ಕೇಳಿಸಿಯೇ ರುಜು ಹಾಕಿಸಿಕೊಂಡ.

ಆ ವಾರವೇ ದೊಡ್ಡಮ್ಮ ಬಂದರು. ಅವನು ಪ್ರಾಣವನ್ನೇ ಅಂಗೈಯಲ್ಲಿ ಹಿಡಿದವನಂತೆ ಆ ನಗುವನ್ನು ಕೇಳಿಸಿದ. ದೊಡ್ಡಮ್ಮನ ಮುಖ ಬಾಡಿತು.

‘ಒಂಬತ್ತು ವರ್ಷದಿಂದ ಇಟ್ಕೊಂಡಿದ್ಯಾ? ಅವತ್ತು ಪದ ಮರ್ತುಹೋಗಿ, ನಾಚಿಕೆ ಮುಚ್ಕೊಳ್ಳೋಕೆ ನಕ್ಕಿದ್ದು ಕಣಪ್ಪ. ಅಳಿಸ್ಬಿಡು.’

ಅವನು ವಾದಿಸಲಿಲ್ಲ. ಕಣ್ಣು ತುಂಬಿತ್ತು. ಅವರೆದುರಿಗೇ ಅಳಿಸಿದ, ಬೇರೆಡೆ ಇಟ್ಟಿದ್ದ ಪ್ರತಿಯನ್ನೂ ಹುಡುಕಿ ಅಳಿಸಿದ. ನನಗಂತೂ ಸಂಕಟವಾಯಿತು.

‘ಅಯ್ಯೋ, ಮುಖ ನೋಡು ಇವನ್ದು!’ ಎಂದರು ದೊಡ್ಡಮ್ಮ, ಕರಗಿಹೋಗಿ. ‘ಹೊಸ ನಗು ಕೊಡ್ತೀನಿ, ಮೈಕು ಹಾಕು.’

‘ತಡೀರಿ ದೊಡ್ಡಮ್ಮ, ಮೊದ್ಲು ಇದನ್ನ ಪೂರ್ತಿ ಕೇಳಿ’ ಎಂದು ಅವನು ಓದತೊಡಗಿದ. ಮೂರನೆಯ ಪುಟದಲ್ಲಿ ‘ಸದರಿ ಗಾಯಕಿಯ ಕೆಮ್ಮು, ಆಕಳಿಕೆ, ನಿಟ್ಟುಸಿರು ಹಾಗೂ ತತ್ಸಮಾನ ಶಬ್ದಗಳು’ ಎಂಬಲ್ಲಿಗೆ ಬಂದದ್ದೇ ತಡ, ದೊಡ್ಡಮ್ಮ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಅಕ್ಕನ ಕೈಯ ವಯರು ಜಾರಿಬಿತ್ತು. ನಾನು ಯಂತ್ರದತ್ತ ನೋಡಿದೆ: ಕೆಂಪು ದೀಪ ಹತ್ತಿರಲಿಲ್ಲ. ‘ಒತ್ರೀ, ಒತ್ರೀ!’ ಎಂದು ಕೈಸನ್ನೆ ಮಾಡಿದೆ.

‘ಇನ್ನೂ ಒಂದು ಪುಟ ಇದೆ ಸಾರ್’ ಎಂದ ಪೂರ್ತಿಯಣ್ಣ, ಶಾಂತವಾಗಿ. ‘ಅವರಿನ್ನೂ ಹೂಂ ಅಂದಿಲ್ಲ.’

ರುಜು ಬೀಳುವಷ್ಟರಲ್ಲಿ ನಗು ಬತ್ತಿಹೋಗಿತ್ತು. ಮುದ್ರಣವಾದದ್ದು ಮೂರು ಸೆಕೆಂಡಿನ, ಸರಕಾರಿ ಅರ್ಜಿಯಂಥ ಒಂದು ‘ಹಹಹ’. ಈಗಲೂ ಬೇಸರವಾದಾಗ ಬಾಗಿಲು ಹಾಕಿಕೊಂಡು ಅದನ್ನೇ ಕೇಳುತ್ತಾನೆ, ಮುಖವರಳಿಸಿಕೊಂಡೇ ಹೊರಬರುತ್ತಾನೆ.

ಇಂಥವರಿಂದ ಲೋಕದ ಕೆಲಸ ನಿಧಾನವಾಗುತ್ತದೆ, ಸುಳ್ಳಲ್ಲ. ಅವರೊಡನೆ ಒಂದು ದಿನ ಕಳೆಯಲು ಎರಡು ದಿನದ ತಾಳ್ಮೆ ಬೇಕು. ಆದರೆ ಈ ವಯಸ್ಸಿಗೆ ನಾನು ಕಂಡುಕೊಂಡದ್ದಿಷ್ಟು: ಕೇಳದೆ ಏನನ್ನೂ ತೆಗೆದುಕೊಳ್ಳದವರ ಮುಂದೆಯೇ ಮನುಷ್ಯರು ಹಾಗೆ, ಹೊಟ್ಟೆ ಹಿಡಿದುಕೊಂಡು, ನಗುವುದು.