ಮಂದೆ ನಿಂತ ಊರಿನ ಶಾಲೆ

ಆಂಧ್ರದ ಗಡಿಯೊಳಗೆ, ಗುಮ್ಮಘಟ್ಟದ ಹತ್ತಿರದ ಹಳ್ಳಿಯಲ್ಲಿ ಪಾಪಣ್ಣನ ಮನೆ. ಮೊಮ್ಮಗಳು ಜ್ಯೋತಿ ಹನ್ನೆರಡನೇ ತರಗತಿ, ಅಂದರೆ ಇಂಟರ್ ಮುಗಿಸಿ, ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿ ಎಂಟು ದಿನವಾಗಿತ್ತು. ಪಕ್ಕದ ಮನೆಯ ಮಂಜುಳ ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ರಜೆಗೆ ಬಂದವಳು ಅರ್ಜಿಯ ಪ್ರತಿ ಹಿಡಿದು ಓದಿದಳು.

"ಯಾಕ ಜ್ಯೋತಿ, ಆರು, ಏಳನೇ ಕ್ಲಾಸೂ ಇಲ್ಲೇ ಅಂತ ಹಾಕೀಯಲ್ಲ? ಆಗ ನೀವು ಕುರಿ ಹೊಡಕೊಂಡು ಬಳ್ಳಾರಿ ಕಡೆ ಇದ್ರಿ ಅಲ್ಲ?"

ಜ್ಯೋತಿ ತಾತನ ಮುಖ ನೋಡಿದಳು.

"ನಾನೇ ಬರೆಸೀನವ್ವ" ಎಂದ ಪಾಪಣ್ಣ. "ಕುರಿ ಎಲ್ಲೇ ನಿಲ್ಲಲಿ, ಯಾವೂರು ಅಂದ್ರ ನಾವು ಹೇಳೋದು ನಮ್ಮೂರ ಹೆಸರೇ. ನಮ್ಮಪ್ಪನೂ ಹಂಗೇ ಹೇಳ್ತಿದ್ದ. ಮಂದೆ ನಿಂತ ಜಾಗಾನ ಊರು ಅಂತಾರೇನು?"

"ದಾರ್ಯಾಗ ಕೇಳಿದವ್ರಿಗೆ ಅದು ಸರಿ ತಾತ. ಅರ್ಜಿ ಕೇಳೋದು ಶಾಲೆ ಎಲ್ಲಿತ್ತು ಅಂತ" ಎಂದಳು ಮಂಜುಳ.

"ಅವರೇನು ನಮ್ಮ ಕುರಿ ಹಿಂದ ಬಂದು ನೋಡ್ಯಾರಾ? ನೀನು ಸುಮ್ನಿದ್ರ ಯಾರಿಗೂ ಗೊತ್ತಾಗಲ್ಲ."

"ಸರ್ಟಿಫಿಕೇಟ್ ನೋಡ್ತಾರ. ಈಗ ನಾವೇ ತಿದ್ದಿದ್ರ ಬರೀ ಕೈತಪ್ಪು ಅಂತಾರ. ಆಮೇಲೆ ಅವರೇ ಹಿಡಿದ್ರ ಸುಳ್ಳು ಅಂತಾರ. ಬಂದ ಸೀಟೂ ಹೋಗ್ತೈತಿ."

ಜ್ಯೋತಿಯ ಭಯ ಬೇರೆಯೇ ಇತ್ತು. "ತಿದ್ದಿದ್ರ ಈ ರಾಜ್ಯದ ಲೋಕಲ್ ಅಲ್ಲ, ಲೋಕಲ್ ಸೀಟು ಇಲ್ಲ ಅಂದುಬಿಟ್ರ, ಅಕ್ಕ?"

"ಸಹಾಯ ಕೇಂದ್ರದಾಗ ಕೇಳಿದ್ರ ತಾನೇ ಗೊತ್ತಾಗೋದು? ತಿದ್ದೋಕೆ ಇನ್ನೂ ನಾಲ್ಕು ದಿನ ಐತಿ. ಮೊದಲು ಆ ಶಾಲೆ ಸರ್ಟಿಫಿಕೇಟ್ ತರ್ರಿ."

ಮರುದಿನ ತಾತ ಮೊಮ್ಮಗಳು ಬಸ್ಸು ಹತ್ತಿದರು. ಬಳ್ಳಾರಿ ದಾಟಿ ಎರೆಹೊಲ ಶುರುವಾಗುತ್ತಲೇ ಪಾಪಣ್ಣ ಕಿಟಕಿಗೆ ಸರಿದು ಕೂತ. ಜೋಳ ಕೊಯ್ದ ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತಿದ್ದ ಜಾಗ ತೋರಿಸಿದ. ಆಗ ಚಳಿಗೆ ಒಂದೇ ಕಂಬಳಿಯೊಳಗೆ ಜ್ಯೋತಿ ಎರಡು ಮರಿಗಳ ಜೊತೆ ಮಲಗುತ್ತಿದ್ದಳು. ಶಾಲೆಗೆ ಹೋದರೆ ಅವಳ ಲಂಗದಿಂದ ಹಾಲಿನ ವಾಸನೆ ಬರುತ್ತದೆಂದು ಹುಡುಗಿಯರು ನಗುತ್ತಿದ್ದರು. "ನಿನ್ನ ಅಜ್ಜಿ ಆಗ ಇನ್ನೂ ಇದ್ಲು. ರೊಟ್ಟಿ ಕಟ್ಟಿ ಕಾಲುವೆ ತನಕ ಬಂದು ಬಿಡ್ತಿದ್ಲು" ಎಂದ ಪಾಪಣ್ಣ.

ಶಾಲೆಯಲ್ಲಿ ಹಳೆಯ ಮೇಷ್ಟ್ರು ಬೊಮ್ಮಣ್ಣನವರು ಈಗ ಹೆಡ್‌ಮಾಸ್ಟರ್ ಆಗಿದ್ದರು.

"ಕುರಿ ಪಾಪಣ್ಣ ಅಲ್ಲೇನ್ರಿ? ಬರ್ರಿ, ಬರ್ರಿ. ಈಕಿ ಚೀಲದಾಗ ಮರಿ ಇಟ್ಕೊಂಡು ಬಂದಿದ್ಲಲ್ಲ, ಹಾಜರಿ ಕೂಗಿದ್ರ ಅದೇ ಮೊದ್ಲು ಕೂಗ್ತು!"

"ಹೌದ್ರಿ ಸಾರ್, ಅದರ ಡಾಕ್ಟರೇ ಆಗ್ತಾಳಂತ" ಎಂದು ಪಾಪಣ್ಣ ನಕ್ಕ.

ಮೇಷ್ಟ್ರು ದಾಖಲಾತಿ ಪುಸ್ತಕ ತೆಗೆದರು. ಎರಡು ವರ್ಷವೂ ಜ್ಯೋತಿಯ ಹೆಸರಿತ್ತು. ಸರ್ಟಿಫಿಕೇಟ್ ಅಂದೇ ಬರೆದುಕೊಟ್ಟರು.

ಮರುದಿನ ಮಂಜುಳಳೂ ಸೇರಿ ಮೂವರೂ ಅರ್ಜಿ ಪರಿಶೀಲಿಸುವ ಸಹಾಯ ಕೇಂದ್ರಕ್ಕೆ ಹೋದರು. ಅಲ್ಲಿನ ಅಧಿಕಾರಿ ಕಾಗದಗಳನ್ನು ನಿಧಾನವಾಗಿ ತಿರುವಿದರು.

"ಎಂಟರಿಂದ ಇಂಟರ್ ತನಕ ಇಲ್ಲೇ ಓದೀಯ. ನಿನ್ನ ಲೋಕಲ್‌ಗೆ ಏನೂ ತೊಂದ್ರೆ ಇಲ್ಲಮ್ಮ. ಆದ್ರ ತಿದ್ದದೆ ಬಿಟ್ಟಿದ್ರ ನಾನು ನಿನ್ನ ಅರ್ಜಿ ಪಕ್ಕಕ್ಕೆ ಇಡಬೇಕಾಗ್ತಿತ್ತು. ಈಗ ಆರು, ಏಳು ಎಲ್ಲಿ ಓದಿದ್ದು ಅಂತ ಹಾಕ್ಲಿ?"

ಜ್ಯೋತಿ ಬಾಯಿ ತೆರೆಯುವ ಮೊದಲೇ ಪಾಪಣ್ಣ ಮುಂದೆ ಬಾಗಿದ. "ಆ ಶಾಲೆ ಹೆಸರು ಹಾಕ್ರಿ ಸಾರ್. ಎರಡು ವರ್ಷ ನಮ್ಮ ಹುಡುಗಿಗೆ ಅಕ್ಷರ ಕೊಟ್ಟ ಊರದು."

ನಿಮ್ಮ ಮನೆಯಲ್ಲೂ ಯಾರಾದರೂ ಕಾಲೇಜಿಗೆ ಅರ್ಜಿ ಹಾಕಿದ್ದಾರೆಯೇ? ಇವತ್ತೇ ಮನೆಯವರೆಲ್ಲ ಕೂತು, ಮೂಲ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಂಡು ಅರ್ಜಿಯನ್ನು ಇನ್ನೊಮ್ಮೆ ಓದಿ. ಕುರಿ ಹಿಂದೆ, ಕೂಲಿ ಹಿಂದೆ ಹೋಗಿ ಬೇರೆ ಊರಲ್ಲಿ ಓದಿದ ವರ್ಷಗಳನ್ನು ಮುಚ್ಚಿಡಬೇಡಿ. ತಪ್ಪು ಕಂಡರೆ, ತಿದ್ದುಪಡಿಯ ಕೊನೆಯ ದಿನ ಯಾವುದೆಂದು ನೋಡಿ, ಅದರೊಳಗೆ ಸಹಾಯ ಕೇಂದ್ರಕ್ಕೆ ನೀವೇ ಹೋಗಿ ಹೇಳಿ. ತಿದ್ದಿದ ಅರ್ಜಿಯ ಪ್ರತಿ ಕೈಗೆ ಬಂದ ಮೇಲೆಯೇ ಮನೆಗೆ ಹೊರಡಿ.