ಆರರಿಂದ ಏಳರವರೆಗೆ

ಚಪ್ಪಲಿ ಬಿಡುವುದಕ್ಕೂ ಮೊದಲೇ ಸೊಸೆ ಕೇಳಿದಳು, "ಅತ್ತೆ, ಪೋಸ್ಟಿನವರು ಬಂದಿದ್ರಾ?"

ಅತ್ತೆ ಹಜಾರದ ನೆಲದ ಮೇಲೆ ಕಾಲು ಚಾಚಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಲೆ ಎತ್ತದೆ, "ಆರು ಗಂಟೆ ಆಗ್ತಾ ಬಂತು. ಹೋಗಿ ಓದ್ಕೋ" ಎಂದರು.

ಅದು ಕೇಳಿದ್ದಕ್ಕೆ ಉತ್ತರವಲ್ಲ. ಆದರೆ ಇನ್ನೊಂದು ಸಲ ಕೇಳುವ ತ್ರಾಣ ಅವಳಲ್ಲಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಅಡುಗೆಮನೆ ಹೊಕ್ಕವಳು ಐದಕ್ಕೆ ಹೊರಬಿದ್ದು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಇನ್ನೂರು ರೋಗಿಗಳ ಊಟ. ಉಪ್ಪಿಲ್ಲದ್ದು ಒಂದು ಕಡೆ, ಸಕ್ಕರೆಯಿಲ್ಲದ್ದು ಒಂದು ಕಡೆ, ಅಗಿಯಲಾಗದವರಿಗೆ ನುಣ್ಣಗೆ ಅರೆದದ್ದು ಮತ್ತೊಂದು ಕಡೆ. ಅಡುಗೆ ಹೇಗಿದ್ದರೂ ಹೊಗಳುವವರಿಲ್ಲ. ತಟ್ಟೆಯಲ್ಲಿ ಉಳಿದು ಬಂದರೆ ತಪ್ಪು ಕಾಯಿಲೆಯದೋ ಕೈರುಚಿಯದೋ ಎಂದು ಕೂಡ ತಿಳಿಯುವುದಿಲ್ಲ.

ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಆರರಿಂದ ಏಳು ಅವಳ ಓದಿನ ಹೊತ್ತು. ಐದು ವರ್ಷದ ಹಿಂದೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದಾಗ ಅವಳೇ ಹಟ ಹಿಡಿದು ಹಾಕಿಸಿದ ಕಾನೂನು ಅದು. ಆ ಒಂದು ಗಂಟೆ ಆಕಾಶ ಕಳಚಿ ಬಿದ್ದರೂ ಯಾರೂ ಬಾಗಿಲು ತಟ್ಟಕೂಡದು, ಸಂಜೆಯ ಅಡುಗೆ ಗಂಡನದು. ಅವನು ಲಿಫ್ಟ್ ರಿಪೇರಿಯವನು. ಕೈಗೆ ಸ್ಪ್ಯಾನರ್ ಒಗ್ಗಿದ ಹಾಗೆ ಸೌಟು ಒಗ್ಗಲಿಲ್ಲ. ಹೀಗಾಗಿ ಹೆಚ್ಚುವುದು, ಅರೆಯುವುದು, ಉಪ್ಪು ನೋಡುವುದು ಒಂದೊಂದಾಗಿ ಎಪ್ಪತ್ತು ದಾಟಿದ ಅತ್ತೆಯ ಪಾಲಿಗೆ ಬಂದವು. "ಇದೊಂದು ಪಾಸಾಗಿಬಿಡ್ಲಿ, ಆಮೇಲೆ ಅಡುಗೆಮನೆ ಅವಳದೇ" ಎಂದು ಗಂಡ ಆಗಾಗ ಅನ್ನುತ್ತಿದ್ದ. ಅದರಲ್ಲಿ ಕೊಂಕಿರಲಿಲ್ಲ, ಅವನಿಗೂ ಸಾಕಾಗಿತ್ತು.

ಉಳಿದಿದ್ದದ್ದು ಒಂದೇ ಪತ್ರಿಕೆ, ಸಂಸ್ಕೃತಿ ಅಧ್ಯಯನ. ಎರಡು ಸಲ ಡುಮ್ಕಿ ಹೊಡೆದಿದ್ದಳು. ಅದರ ನಾಲ್ಕನೇ ಪಾಠದಲ್ಲಿ 'ಅಡುಗೆಮನೆಯು ಹೆಣ್ಣಿನ ಸೃಜನಶೀಲತೆಯ ತಾಣ' ಎಂಬ ಸಾಲಿತ್ತು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಪಾತ್ರೆ ತೊಳೆದವರು ಯಾರು?' ಎಂದು ಬರೆದಿದ್ದಳು. ಮೂರನೇ ಸಲ ಜಾಣತನ ಬಂತು. ಉತ್ತರಪತ್ರಿಕೆಯಲ್ಲಿ ಪುಸ್ತಕದ ಸಾಲನ್ನೇ ಇಳಿಸಿ ಬಂದಳು. ನಲವತ್ತಮೂರು ಅಂಕ ಬಂತು.

ಪಾಸಾಗಿ ಇಪ್ಪತ್ತು ದಿನವಾಗಿತ್ತು. ಆಸ್ಪತ್ರೆಯ ಆಫೀಸಿನ ಕಂಪ್ಯೂಟರಿನಲ್ಲಿ ಫಲಿತಾಂಶ ನೋಡಿದಾಗ ಕುಣಿದಾಡಬೇಕು ಅನ್ನಿಸುತ್ತದೆ ಎಂದುಕೊಂಡಿದ್ದಳು. ಮೊದಲು ನೆನಪಾದದ್ದು ಮಾತ್ರ ಸಂಜೆಯ ಆರು ಗಂಟೆ. ಇನ್ನು ಬಾಗಿಲು ಮುಚ್ಚಿಕೊಳ್ಳಲು ಯಾವ ನೆಪವೂ ಇಲ್ಲ. ಅಂದು ಮನೆಯಲ್ಲಿ ಗಂಡ ಕೇಳಿದಾಗ, "ಇನ್ನೂ ಬಂದಿಲ್ಲ" ಎಂಬ ಮಾತು ತಾನಾಗಿ ಬಾಯಿಂದ ಹೊರಬಿತ್ತು. ಅವನೂ ಅತ್ತೆಯೂ ನಂಬಿದರು. ಮೊದಲ ವರ್ಷದ ಪುಸ್ತಕಗಳು ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ಬಂದದ್ದು ಯಾರಿಗೂ ಮರೆತಿರಲಿಲ್ಲ.

ಆವತ್ತಿನಿಂದ ಆರಕ್ಕೆ ಒಳಗೆ ಬಂದು, ಊದಿದ ಪಾದಗಳನ್ನು ದಿಂಬಿನ ಮೇಲಿಟ್ಟು, ಫ್ಯಾನಿನ ಸದ್ದು ಕೇಳುತ್ತ ಸುಮ್ಮನೆ ಮಲಗುತ್ತಿದ್ದಳು. ಹೊರಗೆ ಕೇಳಲಿ ಎಂದು ಆಗಾಗ ಒಂದು ಹಾಳೆ ಮಗುಚುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಅತ್ತೆ ಗೋಡೆ ಹಿಡಿದು ನರಳುತ್ತ ಏಳುವುದು ಕೇಳಿದರೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು. ಆದರೂ ಏಳುತ್ತಿರಲಿಲ್ಲ.

ಇವತ್ತು ಮಲಗುವ ಮುನ್ನ ಪುಸ್ತಕ ತೆರೆದರೆ ನಡುವೆ ಕಂದು ಬಣ್ಣದ ಉದ್ದ ಲಕೋಟೆಯಿತ್ತು. ಅಂಚನ್ನು ಚಾಕುವಿನಲ್ಲಿ ನೀಟಾಗಿ ಕತ್ತರಿಸಲಾಗಿತ್ತು, ಅದಕ್ಕೆ ಹುರುಳಿಕಾಯಿಯ ಒಂದು ಎಳೆ ನಾರು ಅಂಟಿಕೊಂಡಿತ್ತು. ಒಳಗೆ ಅಂಕಪಟ್ಟಿ. ಕೆಳಗೆ ಫಲಿತಾಂಶದ ತಾರೀಕು ದಪ್ಪಕ್ಷರದಲ್ಲಿತ್ತು. ಔಷಧಿ ಚೀಟಿಯ ತಾರೀಕನ್ನೂ ಬಿಡದೆ ಓದುವ ಅತ್ತೆ ಇದನ್ನು ಬಿಟ್ಟಿರಲಾರರು.

ಹೊರಗೆ ಗಂಡ ಬಂದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಪಾತ್ರೆಗಳ ಸದ್ದು ಶುರುವಾಯಿತು. ಯಾವುದೋ ಡಬ್ಬ ಸಿಗದೆ, ಅವಳನ್ನೇ ಕೇಳುತ್ತೇನೆ ಎಂದು ಅವನು ಬಾಗಿಲ ಹತ್ತಿರ ಬಂದ. ಈಗ ಅತ್ತೆ ಹೇಳುತ್ತಾರೆ ಎಂದುಕೊಂಡಳು.

"ತಟ್ಬೇಡ್ವೋ, ಓದ್ತಾ ಇದ್ದಾಳೆ."

"ಪರೀಕ್ಷೆ ಮುಗಿದ್ಮೇಲೂ ಏನಮ್ಮ ಓದೋದು?"

"ಎರಡು ಸಲ ಫೇಲಾಗಿದ್ದು ನೋಡಿಲ್ವಾ? ಇವತ್ತಿಂದ ಅವಳ ಪಾಠ ನಾನು ಒಪ್ಪಿಸ್ಕೋಬೇಕು. ಒಲೆ ಕಡೆ ನೀನು ನೋಡ್ಕೋ."

ಬಾಗಿಲು ತೆರೆಯಿತು. ಐದು ವರ್ಷದಲ್ಲಿ ಆ ಹೊತ್ತಿಗೆ ಅದು ತೆರೆದದ್ದು ಇದೇ ಮೊದಲು. ಅತ್ತೆ ಒಳಗೆ ಬಂದು ಚಿಲಕ ಹಾಕಿದರು. ಅವಳು ಲಕೋಟೆ ಹಿಡಿದುಕೊಂಡೇ ಎದ್ದು ನಿಂತಳು.

"ನಾಳೆಯಿಂದ ನಾನೇ ಅಡುಗೆ ಮಾಡ್ತೀನಿ ಅತ್ತೆ. ಇವರಿಗೂ ಹೇಳ್ಬಿಡ್ತೀನಿ."

ಅತ್ತೆ ಮಂಚದ ಅಂಚಿನಲ್ಲಿ ಕೂತು, ಒಂದೊಂದೇ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿಟ್ಟುಕೊಂಡರು. ಸೊಸೆಯ ದಿಂಬನ್ನು ಎಳೆದು ಮಂಡಿಯಡಿ ಸೇರಿಸಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದರು.

"ಇಪ್ಪತ್ತು ದಿನ," ಎಂದರು. "ಒಂದಿನಾದ್ರೂ ನನ್ನ ಒಳಗೆ ಕರೀಬಾರ್ದಿತ್ತಾ?"

ಅವಳು ಮಂಚದ ಇನ್ನೊಂದು ತುದಿಯಲ್ಲಿ ಕೂತಳು.

"ಸುಮ್ನೆ ಕೂತ್ರೆ ಅನುಮಾನ ಬರುತ್ತೆ. ನನಗೂ ಒಂದು ಪುಸ್ತಕ ಕೊಡು."

ಅವಳು ಸಂಸ್ಕೃತಿ ಅಧ್ಯಯನದ ಪುಸ್ತಕವನ್ನೇ ಕೊಟ್ಟಳು. ಅತ್ತೆ ಅದನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಮತ್ತೆ ಕಣ್ಣು ಮುಚ್ಚಿದರು. ಅಡುಗೆಮನೆಯಿಂದ ಗಂಡನ ದನಿ ಬಂತು.

"ಅಮ್ಮಾ, ನೀರು ಎಷ್ಟು ಹಾಕ್ಲಿ?"

ಅತ್ತೆ ಕಣ್ಣು ತೆರೆಯಲಿಲ್ಲ. ಬೆರಳಿಗೆ ಉಗುಳು ಹಚ್ಚಿ, ಹೊರಗೆ ಕೇಳುವ ಹಾಗೆ ಒಂದು ಹಾಳೆ ಮಗುಚಿದರು.